ಕ್ಷೌರದ ವ್ಯಾನಿನ ಹಿಂದಿನ ದೀಪ

ಹಿಸಾನೊಗೆ ಈಗ ಅರವತ್ತೊಂದು. ಅದರಲ್ಲಿ ಮೂವತ್ತೆಂಟು ವರ್ಷ ನಮ್ಮ ದ್ವೀಪದ ತಲೆಗಳನ್ನು ನೋಡಿಕೊಂಡೇ ಕಳೆದಿದ್ದಾಳೆ. ಸೊಸೆಯಾಗಿ ಬಂದ ಮನೆಯೆದುರು ಪಟ್ಟೆಪಟ್ಟೆಯ ಕ್ಷೌರದ ಕಂಬ ತಿರುಗುತ್ತಿತ್ತು. ಗಂಡನಿಗೆ ಕತ್ತರಿ ಒಗ್ಗದೆ ಮೀನುದೋಣಿ ಹತ್ತಿದ. ಕಸುಬು ಮನೆ ಬಿಟ್ಟು ಹೋಗಬಾರದೆಂದು ಮಾವ ಸೊಸೆಯ ಕೈಗೆ ಕತ್ತರಿ ಕೊಟ್ಟರು. ಮಾವನೂ ಹೋದರು, ಮೂರು ವರ್ಷದ ಹಿಂದೆ ಗಂಡನೂ ಹೋದ. ಕತ್ತರಿ ಮಾತ್ರ ಉಳಿಯಿತು.

ಅಂಗಡಿಗೆ ಬರುವವರು ಕಡಿಮೆಯಾದದ್ದು ಬೇರೆ ಅಂಗಡಿ ಹುಡುಕಿಕೊಂಡು ಹೋದದ್ದರಿಂದಲ್ಲ, ಅವರ ಮಂಡಿಗಳು ಕೈಕೊಟ್ಟದ್ದರಿಂದ. ಏರುದಾರಿಯ ಮನೆಗಳಲ್ಲಿ ಮುದುಕರು ಕೂದಲು ಬೆಳೆಸಿಕೊಂಡು ಹಾಸಿಗೆ ಹಿಡಿದಿದ್ದರು. "ಅವರು ಇಳಿದು ಬರೋಕಾಗಲ್ಲ ಅಂದ್ರೆ ನಾನೇ ಹತ್ತಿ ಹೋಗ್ತೀನಿ" ಎಂದು ಹಿಸಾನೊ ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಹೊರಟಳು. ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾದಳು. ಊರು ನಕ್ಕಿತು. ಐದನೇ ಸಲ ಪಾಸಾದಾಗ ನಕ್ಕವರ ಮನೆಗಳಿಗೇ ಹಳೆಯ ಪುಟ್ಟ ಬಿಳಿ ವ್ಯಾನಿನಲ್ಲಿ ಹೋಗಿ ತಲೆ ಕತ್ತರಿಸಿ ಬಂದಳು. ಹಟ ಹಿಡಿದರೆ ಅವಳು ಹಾಗೆಯೇ, ಉಡದ ಪಟ್ಟು.

ಈಗ ಅವಳ ಪಟ್ಟಿಯಲ್ಲಿ ಹನ್ನೊಂದು ಮನೆ. ಆ ಹನ್ನೊಂದನ್ನು ಅವಳಿಗೆ ವಹಿಸಿದ್ದು ವೃದ್ಧರ ಆರೈಕೆಯ ಕಚೇರಿ. ಚಳಿಗಾಲದಲ್ಲಿ ವ್ಯಾನು ಕೆಟ್ಟು ಎರಡು ಸರದಿ ತಪ್ಪಿದ್ದಕ್ಕೆ ಕಚೇರಿಯವರು ಒಳ್ಳೆಯ ಮಾತಿನಲ್ಲೇ ಹೇಳಿದ್ದರು: ಇನ್ನೊಂದು ಸಲ ತಪ್ಪಿದರೆ ಆಚೆ ದಡದ ಕ್ಷೌರಿಕನನ್ನು ಹಡಗಿನಲ್ಲಿ ಕರೆಸುತ್ತೇವೆ, ಆಮೇಲೆ ಹನ್ನೊಂದೂ ಅವನಿಗೇ. ಆಚೆ ದಡದವನು ಎಲ್ಲರಿಗೂ ಮೆಷಿನ್ ಹಾಕಿ ಒಂದೇ ಅಚ್ಚಿನ ತಲೆ ಮಾಡುತ್ತಾನೆಂದು ಹಿಸಾನೊ ಕೇಳಿದ್ದಳು.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಆ ಹನ್ನೊಂದರಲ್ಲಿ ಒಬ್ಬರಾದ ಮುದುಕ ದೆಂಬೆಯವರ ಸರದಿ. ಗುರುವಾರ ವ್ಯಾನಿನ ತಪಾಸಣೆ. ಎರಡು ವರ್ಷಕ್ಕೊಮ್ಮೆ ಬರುವ ಆ ತಪಾಸಣೆಯ ಗಡುವು ಅಂದೇ ಮುಗಿಯುತ್ತಿತ್ತು. ಅಧಿಕಾರಿಗಳು ಆಚೆ ದಡದಿಂದ ಬಂದರಿನ ಶೆಡ್ಡಿಗೆ ಬರುವುದು ತಿಂಗಳಿಗೆ ಎರಡೇ ದಿನ. ಒಂದು ಅರ್ಜಿಗೆ ಮೂರು ಸಲ ಸಾಲಿನಲ್ಲಿ ನಿಲ್ಲಬಹುದು, ಮೂರು ಗಂಟೆಗೆ ಶೆಡ್ಡಿನ ಬಾಗಿಲು ಎಳೆಯುತ್ತಾರೆ. ಪಾಸಾಗದಿದ್ದರೆ ವ್ಯಾನು ಎರಡು ವಾರ ರಸ್ತೆಗಿಳಿಯುವಂತಿಲ್ಲ.

ಹತ್ತು ಗಂಟೆಗೆ ಮೊದಲ ಸಾಲು. ಮಳೆ ಸುರಿಯುತ್ತಿತ್ತು. ಹಿಂದೆ ನಿಂತ ಅಧಿಕಾರಿ "ಬ್ರೇಕ್ ಒತ್ತಿ" ಅಂದರು. ಒತ್ತಿದಳು.

"ಇನ್ನೊಂದ್ಸಲ ಒತ್ತಿ."

"ಒತ್ತೇ ಇದೀನಿ ಸಾರ್!"

"ಬಲಗಡೆ ದೀಪ ಹತ್ತುತ್ತಿಲ್ಲಮ್ಮ. ಒಳಗೆ ನೀರು ನಿಂತಿದೆ, ಬಂದು ನೋಡಿ."

ಹಿಸಾನೊ ಇಳಿದು ನೋಡಿದಳು. ಕೆಂಪು ಗಾಜಿನೊಳಗೆ ಎರಡು ಬೆರಳು ನೀರು, ಅದರಲ್ಲಿ ಒಂದು ಸತ್ತ ಸೊಳ್ಳೆ. ದಿನಾ ಟವೆಲ್ ತೆಗೆಯಲು ಹಿಂದಿನ ಬಾಗಿಲು ತೆರೆಯುವವಳಿಗೆ ಪಕ್ಕದಲ್ಲೇ ಇದ್ದದ್ದು ಕಂಡಿರಲಿಲ್ಲ. ನಾಚಿಕೆಯಾಯಿತು.

ಶೆಡ್ಡಿನ ಎದುರಿಗೇ ಮೈದುನ ಮೊರಿಯೊನ ಗ್ಯಾರೇಜು. ಮೊರಿಯೊ ಬಾಗಿ ನೋಡಿ ತಲೆ ಅಲ್ಲಾಡಿಸಿದ. "ದೀಪದ ಸೆಟ್ಟೇ ಬದಲಾಯಿಸ್ಬೇಕು ಅತ್ತಿಗೆ. ಆಚೆ ದಡದಿಂದ ಬರೋಕೆ ಹತ್ತು ದಿನ."

"ನನಗೆ ಇವತ್ತು ಮೂರು ಗಂಟೆಯೊಳಗೆ ಆಗ್ಬೇಕು."

"ಇವತ್ತಾ! ಇದೇನು ಗಡ್ಡನಾ, ಎರಡು ಸಲ ಬ್ಲೇಡ್ ಎಳೆದ್ರೆ ಹೋಗೋಕೆ?"

"ಒಂದು ಬಲ್ಬ್ ಕೊಡು, ಒಂದು ಸ್ಕ್ರೂಡ್ರೈವರ್ ಕೊಡು. ಬಾಯಿ ನಿನ್ನ ಹತ್ರಾನೇ ಇರ್ಲಿ."

ಮೊರಿಯೊ ನಗುತ್ತಾ ಕೊಟ್ಟ. ಒಂದರ ಬದಲು ಎರಡು ಬಲ್ಬ್ ಕೊಟ್ಟ, ಗಾಜು ಅಂಟಿಸುವ ಗೋಂದಿನ ಟ್ಯೂಬನ್ನೂ ಕೊಟ್ಟ. ಕೆಟ್ಟವನಲ್ಲ ಅವನು, ಬಾಯಿ ಮಾತ್ರ ತೂತಾದ ಮಡಕೆ.

ಅಂಗಡಿ ಅಲ್ಲಿಂದ ಐದು ನಿಮಿಷ. ಸೂರಿನ ಕೆಳಗೆ ವ್ಯಾನು ನಿಲ್ಲಿಸಿ ದೀಪ ಕಳಚಿದಳು, ನೀರು ಚೆಲ್ಲಿದಳು, ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಬಿಟ್ಟಳು. ಹೊಸ ಬಲ್ಬ್ ಹಾಕಿ, ಗೋಂದು ತೆಗೆದುಕೊಂಡು ಕೆಂಪು ಗಾಜಿನ ಅಂಚಿನ ಸುತ್ತ ಎಳೆದಳು. ದೀಪದ ತಳದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ತೂತು ಕಂಡಿತು. ಕಳ್ಳ ಸಿಕ್ಕಿಬಿದ್ದನೆಂದು ಅದನ್ನೂ ಮುಚ್ಚಿದಳು. ಗಿರಾಕಿಯ ಕತ್ತಿನೊಳಕ್ಕೆ ಒಂದು ಹನಿ ಇಳಿದರೂ ಮಾವ ಅವಳ ಕೈಯಿಂದ ಕತ್ತರಿ ಕಿತ್ತು ಒಂದು ವಾರ ನೆಲ ಗುಡಿಸಲು ಹಚ್ಚುತ್ತಿದ್ದರು. ಹಾಗಾಗಿ ನೀರು ಅಂದರೆ ಮುಚ್ಚು, ಬಿಗಿ, ಒರೆಸು: ಮೂವತ್ತೆಂಟು ವರ್ಷ ಅವಳ ಕೈ ಕಲಿತದ್ದು ಅದೊಂದನ್ನೇ.

ಮಧ್ಯಾಹ್ನದ ಬಿಡುವಿಗೆ ಮುಂಚೆ ಎರಡನೇ ಸಾಲು. ಮುಂದೆ ಆರು ವ್ಯಾನು, ಮೇಲೆ ಮಳೆ. ಮುಕ್ಕಾಲು ಗಂಟೆ ದೀಪ ಹಚ್ಚಿಕೊಂಡು ಕಾದಳು. ಅವಳ ಸರದಿ ಬರುವ ಹೊತ್ತಿಗೆ ಕೆಂಪು ಗಾಜು ಸ್ನಾನದಮನೆಯ ಕನ್ನಡಿಯಾಗಿತ್ತು. ಬ್ರೇಕ್ ಒತ್ತಿದಾಗ ಬಲ್ಬ್ ಒಮ್ಮೆ ಮಿನುಗಿ ಸತ್ತಿತು.

"ಮತ್ತೆ ನೀರು ತುಂಬಿದೆಯಮ್ಮ" ಅಂದರು ಅಧಿಕಾರಿ. ಗಲ್ಲದ ಮೇಲೆ ಎರಡು ದಿನದ ಗಡ್ಡ ಬಿಟ್ಟ ಮನುಷ್ಯ, ದನಿಯಲ್ಲಿ ಕನಿಕರವಿತ್ತು. "ಇನ್ನು ಉಳಿದಿರೋದು ಒಂದೇ ಸಲ. ಮುಂದಿನ ತಪಾಸಣೆಗೇ ತಂದುಬಿಡಿ."

"ಮೂರು ಗಂಟೆ ತನಕ ಇರ್ತೀರಲ್ಲ ಸಾರ್?"

"ಇರ್ತೀನಿ."

"ಹಾಗಾದ್ರೆ ಬರ್ತೀನಿ."

ಅವಳು ಮನೆ ಮುಟ್ಟುವಷ್ಟರಲ್ಲಿ ಕಚೇರಿಯ ಫೋನು. ಮೊರಿಯೊ ಆಗಲೇ ಯಾರಿಗೋ ಹೇಳಿದ್ದ, ಆ ಯಾರೋ ಕಚೇರಿಗೆ ಹೇಳಿದ್ದ. "ವ್ಯಾನು ಆಗಲ್ಲ ಅಂತ ಗೊತ್ತಾಯ್ತು ಹಿಸಾನೊ ಅವ್ರೇ. ಆಚೆ ದಡದವರು ಇವತ್ತೇ ಹಡಗು ಹತ್ತುತ್ತಾರೆ."

"ಆಗಲ್ಲ ಅಂತ ನಾನು ಹೇಳಿದ್ನಾ?"

"ಇಲ್ಲ, ಆದ್ರೆ..."

"ನಾನು ಹೇಳಿಲ್ಲ ತಾನೇ? ನಾಳೆ ಎಂಟೂವರೆಗೆ ದೆಂಬೆಯವರ ಮನೇಲಿರ್ತೀನಿ." ಫೋನಿಟ್ಟಳು. ಭಯವಾಗಿತ್ತು ಅವಳಿಗೆ, ಸುಳ್ಳೇಕೆ ಹೇಳಬೇಕು. ಹನ್ನೊಂದು ತಲೆ ಹೋದರೆ ಅವಳ ಬೆಳಗುಗಳಲ್ಲಿ ಇನ್ನೇನು ಉಳಿಯುತ್ತದೆ?

ದುಡುಕಬಾರದೆಂದು ಮೊದಲು ದಿನದ ಕೆಲಸ ಮುಗಿಸಲು ಹೋದಳು. ಟವೆಲ್ ಬಿಸಿ ಮಾಡುವ ಪೆಟ್ಟಿಗೆಯ ತಳದ ತಟ್ಟೆ ಎಳೆದು, ತುಂಬಿದ್ದ ನೀರನ್ನು ತೊಟ್ಟಿಗೆ ಸುರಿದಳು. ತಟ್ಟೆ ಮತ್ತೆ ಸಿಕ್ಕಿಸಲು ಹೋದವಳು ನಿಂತುಬಿಟ್ಟಳು. ಬಿಸಿಯಾದದ್ದೆಲ್ಲ ಬೆವರುತ್ತದೆ, ಬೆವರು ಹೋಗಲಿ ಎಂದೇ ಈ ಪೆಟ್ಟಿಗೆಗೆ ತಳದಲ್ಲಿ ತೂತು ಕೊರೆದಿದ್ದಾರೆ. ಅಂದರೆ ದೀಪದ ತಳದ ತೂತು ಕಳ್ಳನಲ್ಲ, ಕಾವಲುಗಾರ. ತಾನು ಮುಚ್ಚಿದ್ದು ನೀರು ಹೊರಗೆ ಹೋಗುವ ದಾರಿಯನ್ನು.

"ಅಯ್ಯೋ ಪೆದ್ದಿ" ಎಂದು ಜೋರಾಗಿಯೇ ಬೈದುಕೊಂಡಳು.

ಹೋಗುವ ದಾರಿ ಸಿಕ್ಕಿತು. ಬರುವ ದಾರಿ? ಗಾಜಿನ ಅಂಚು ಮುಚ್ಚಿದರೂ ನೀರು ಬಂದಿದೆ, ಹಾಗಾದರೆ ಬಂದದ್ದು ಬೆನ್ನ ಕಡೆಯಿಂದ. ದೀಪ ಕಳಚಿ, ಅದು ವ್ಯಾನಿಗೆ ತಾಗುವ ಜಾಗಕ್ಕೆಲ್ಲ ಕ್ಷೌರದ ಬ್ರಷ್ಷಿನಿಂದ ಟಾಲ್ಕಂ ಪೌಡರ್ ಬಳಿದಳು. ಮತ್ತೆ ಕೂರಿಸಿ, ಚೊಂಬಿನಿಂದ ಮೇಲೆ ನೀರು ಹುಯ್ದಳು. ಕಳಚಿ ನೋಡಿದಳು. ಬಿಳಿ ಪೌಡರಿನ ನಡುವೆ ಒಂದೇ ಒಂದು ಒದ್ದೆ ಗೆರೆ. ಮೇಲಿನ ಮೂಲೆಯಲ್ಲಿ, ದೀಪಕ್ಕೂ ವ್ಯಾನಿಗೂ ನಡುವೆ ಕೂರಿಸಿದ್ದ ಹಳೆಯ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಗೆರೆ ಅಲ್ಲಿಂದ ಹೊರಟು ನೇರ ಬಲ್ಬ್ ಸಿಕ್ಕಿಸುವ ತೂತಿಗೆ ಇಳಿದಿತ್ತು.

"ನೀನಾ!" ಅಂದಳು ಹಿಸಾನೊ.

ರಬ್ಬರು ಎಲ್ಲಿಂದ ತರುವುದು? ಗಿರಾಕಿಯ ಕತ್ತಿಗೆ ಸುತ್ತುವ ಮೆತ್ತನೆಯ ರಬ್ಬರ್ ಪಟ್ಟಿ ಕಣ್ಣಿಗೆ ಬಿತ್ತು. ಹೊಸದು, ಹೋದ ತಿಂಗಳು ತರಿಸಿದ್ದು. ಅರೆಗಳಿಗೆ ಹಿಂದೆಮುಂದೆ ನೋಡಿದಳು. ಆಮೇಲೆ ಹಳೆಯ ರಬ್ಬರನ್ನು ಅಳತೆಗೆ ಇಟ್ಟುಕೊಂಡು ಕತ್ತರಿ ಹಾಕಿದಳು. ಕತ್ತರಿಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಿವಿಯ ಹಿಂದಿನ ತಿರುವು ಕತ್ತರಿಸುವ ಹಾಗೆ ಮೂಲೆಗಳನ್ನು ಸುತ್ತಿ ತಂದಳು, ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ಬಾಚಣಿಗೆಯ ಚೂಪು ಬಾಲದಿಂದ ತಳದ ತೂತು ಬಿಡಿಸಿ, ಎಲ್ಲ ಒಣಗಿಸಿ, ಉಳಿದ ಬಲ್ಬ್ ಹಾಕಿ, ಬಿಗಿದಳು. ಈ ಸಲ ಆತುರಪಡಲಿಲ್ಲ. ಇಪ್ಪತ್ತು ಚೊಂಬು ನೀರು ಹುಯ್ದಳು, ಕಾಲು ಗಂಟೆ ದೀಪ ಹಚ್ಚಿಟ್ಟಳು, ಸುಮ್ಮನೆ ಕೂತು ನೋಡಿದಳು. ಗಾಜು ಒಣಗಿಯೇ ಇತ್ತು.

ಮೂರಕ್ಕೆ ಹದಿನೈದು ನಿಮಿಷ ಇರುವಾಗ ಸಾಲಿನಲ್ಲಿ ಅವಳ ವ್ಯಾನೊಂದೇ. ಎದುರು ಗ್ಯಾರೇಜಿನಿಂದ ಮೊರಿಯೊ ಕೈ ಒರೆಸುತ್ತಾ ಬಂದು ನಿಂತ.

"ಬ್ರೇಕ್ ಒತ್ತಿ."

ಒತ್ತಿದಳು. ಹಿಂದೆ ನೋಡುವ ಧೈರ್ಯ ಬರಲಿಲ್ಲ.

"ಬಿಡಿ. ಮತ್ತೆ ಒತ್ತಿ. ಹಾಗೇ ಹಿಡ್ಕೊಳ್ಳಿ." ಅಧಿಕಾರಿ ದೀಪದ ಮೇಲೆ ಕೈಯಾಡಿಸಿದರು, ಬೆನ್ನ ಸಂದನ್ನು ಇಣುಕಿದರು. "ಈ ರಬ್ಬರು ಕೂರಿಸಿದ್ದು ಯಾರು?"

"ನಾನೇ. ಏನು ಸಾರ್, ಸರಿಯಿಲ್ವಾ?"

"ತುಂಬಾ ಸರಿಯಾಗಿದೆ, ಅದಕ್ಕೇ ಕೇಳಿದೆ." ಠಸ್ಸೆ ಒತ್ತಿದರು.

"ಅತ್ತಿಗೆ, ನನ್ನ ಗ್ಯಾರೇಜಿಗೆ ಕೆಲಸಕ್ಕೆ ಬರ್ತೀರಾ?" ಎಂದು ಮೊರಿಯೊ ಕೂಗಿದ.

"ಮೊದಲು ನಿನ್ನ ಬಾಯಿಗೊಂದು ರಬ್ಬರು ಕತ್ತರಿಸಿ ಕೊಡ್ತೀನಿ, ತಡಿ!"

ಆದರೂ ರಾತ್ರಿ ಊಟ ಸೇರಲಿಲ್ಲ. ಪಾಸಾದದ್ದನ್ನು ಕಚೇರಿಗೆ ತಿಳಿಸಿದಾಗ ಅವರು ಹೇಳಿದ್ದಿಷ್ಟು: "ಅವರು ಆಗಲೇ ದ್ವೀಪಕ್ಕೆ ಬಂದಿಳಿದಿದ್ದಾರೆ. ಪಟ್ಟಿ ಅವರ ಕೈಲಿದೆ."

ಮರುದಿನ ಎಂಟೂಕಾಲಿಗೇ ದೆಂಬೆಯವರ ಮನೆ ಮುಟ್ಟಿದಳು. ಹೊಸಿಲ ಬಳಿ ಹೊಳೆಯುವ ಕಪ್ಪು ಬೂಟುಗಳಿದ್ದವು. ಒಳಗೆ ಆಚೆ ದಡದ ಕ್ಷೌರಿಕ, ಐವತ್ತರ ಅಚ್ಚುಕಟ್ಟು ಮನುಷ್ಯ, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಾಸಿಗೆಯಲ್ಲಿ ತೊಂಬತ್ತೊಂದರ ದೆಂಬೆ ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಬಂದೆಯೇನೆ ಹಿಸಾ! ಈ ಪುಣ್ಯಾತ್ಮ ನನ್ನ ಟೋಪಿ ಕೇಳ್ತಿದಾನೆ. ಕಂಡಕಂಡೋರು ಮುಟ್ಟಿ ನೋಡೋಕೆ ನನ್ನ ತಲೆಯೇನು ಅಂಗಡಿ ಎಲೆಕೋಸಾ?"

ಆಚೆ ದಡದವನು ಎದ್ದು ಅವಳಿಗೆ ತಲೆಬಾಗಿದ. "ಇದು ಮೂರನೇ ಮನೆ ಅಮ್ಮ. ನಿನ್ನೆ ಸಂಜೆ ಎರಡು ಮನೆಗೆ ಹೋಗಿದ್ದೆ. ಒಬ್ಬರು ನಿದ್ದೆ ಬಂದ ಹಾಗೆ ನಟಿಸಿದ್ರು, ಇನ್ನೊಬ್ಬರು ನಂಗೆ ಕೂದಲೇ ಬೆಳೆಯೋದಿಲ್ಲ ಅಂದ್ರು. ಕಚೇರಿಗೆ ನಾನೇ ಹೇಳ್ತೀನಿ, ಇಲ್ಲಿ ನನಗೆ ಕೆಲಸ ಇಲ್ಲ ಅಂತ."

ಅವನು ಪಟ್ಟಿಯನ್ನು ಅವಳ ಕೈಗಿತ್ತು ಹೊರಟ. ನಿನ್ನೆಯಿಂದ ಈ ಬಂಡಿಯನ್ನು ತಾನೊಬ್ಬಳೇ ಎಳೆಯುತ್ತಿದ್ದೇನೆಂದು ಹಿಸಾನೊ ಅಂದುಕೊಂಡಿದ್ದಳು. ಹಾಸಿಗೆ ಹಿಡಿದ ಮುದುಕರೂ ಅವರವರ ಮನೆಯಿಂದಲೇ ಅವಳ ಜೊತೆ ಎಳೆದಿದ್ದರು. ಕಣ್ಣು ತುಂಬಿ ಬಂತು.

ದೆಂಬೆ ತಾವಾಗಿಯೇ ಟೋಪಿ ತೆಗೆದು ಪಕ್ಕಕ್ಕಿಟ್ಟರು.

"ಶುರು ಮಾಡು. ಏನೇ, ಕೈ ನಡುಗ್ತಿದೆ?"

"ನಿನ್ನೆ ಇಡೀ ದಿನ ಸ್ಕ್ರೂ ತಿರುಗಿಸಿದೀನಿ, ಯಜಮಾನ್ರೇ."

"ಹಾಗಾದ್ರೆ ಸ್ವಲ್ಪ ಕೂತ್ಕೋ. ಇಷ್ಟೊತ್ತು ಕಾದಿದೀನಿ, ಇನ್ನೂ ಸ್ವಲ್ಪ ಕಾಯ್ತೀನಿ."