ಬಾಲದ ‘ಮ’ವೂ ಮಲ್ಲತ್ತೆಯ ಹೆಬ್ಬೆಟ್ಟೂ

ನನ್ನ ಅಕ್ಷರ ಚೆನ್ನಾಗಿದೆ ಎಂದು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳದೇ ಇರುವುದರಿಂದ ಆ ಕೆಲಸ ನನ್ನ ಪಾಲಿಗೇ ಬಿದ್ದಿದೆ. ಮಧುಗಿರಿಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಬೋರ್ಡಿನ ಮೇಲೆ ಬರೆದ ‘ಮ’ ಅಕ್ಷರವನ್ನು ಅಳಿಸಲು ನನಗೇ ಮನಸ್ಸು ಬರುತ್ತಿರಲಿಲ್ಲ. ಎಲ್ಲರ ‘ಮ’ವೂ ಮುಗಿಯಬೇಕಾದ ಕಡೆ ಮುಗಿದರೆ, ನನ್ನದು ಅಲ್ಲಿಂದ ಒಂದಿಷ್ಟು ಕೆಳಗಿಳಿದು, ಬಲಕ್ಕೆ ತಿರುಗಿ, ಹಾಲು ಕಂಡ ಬೆಕ್ಕಿನ ಹಾಗೆ ಬಾಲ ಎತ್ತಿಕೊಂಡು ನಿಲ್ಲುತ್ತಿತ್ತು. ಈ ಬಾಲ ಹಿಡಿದುಕೊಂಡೇ ನಾನು ಒಂದು ಸಲ ಜೈಲಿನ ಬಾಗಿಲವರೆಗೂ ಹೋಗುವುದರಲ್ಲಿದ್ದೆ. ತಡೆದದ್ದು ಒಂದು ಹೆಬ್ಬೆಟ್ಟು.

ನೋಡಿ, ಕನ್ನಡದಲ್ಲಿ ದೊಡ್ಡದಕ್ಕೆಲ್ಲ ಮುಂದೆ ‘ಹೆ’ ಸೇರಿಸಿ ಮರ್ಯಾದೆ ಕೊಡುವುದು ವಾಡಿಕೆ. ದೊಡ್ಡ ಬಾಗಿಲು ಹೆಬ್ಬಾಗಿಲು, ದೊಡ್ಡ ದಾರಿ ಹೆದ್ದಾರಿ, ದೊಡ್ಡ ಮರ ಹೆಮ್ಮರ. ಅದೇ ಮರ್ಯಾದೆಯಲ್ಲಿ ದೊಡ್ಡ ಬೆಟ್ಟು, ಅಂದರೆ ದೊಡ್ಡ ಬೆರಳು, ಹೆಬ್ಬೆಟ್ಟಾಯಿತು. ಆಮೇಲೆ ಏನಾಯಿತೋ ಕಾಣೆ, ಪಾಪ, ಅದರ ಗ್ರಹಚಾರ ಕೆಟ್ಟಿತು. ‘ಅವನೊಬ್ಬ ಹೆಬ್ಬೆಟ್ಟು’ ಎಂದರೆ ಓದುಬರಹ ಬಾರದವ ಎಂದು ಅರ್ಥ. ಹೆಬ್ಬೆಟ್ಟಿಲ್ಲದೆ ಲೇಖನಿ ಹಿಡಿಯುವುದು ಹೇಗೆ ಸ್ವಾಮಿ ಎಂದು ಈ ಬೈಗುಳ ಕಂಡುಹಿಡಿದ ಪಂಡಿತರನ್ನು ಕೇಳಬೇಕೆಂದು ನನಗೆ ಬಹಳ ದಿನದ ಆಸೆ.

ಮಿಡಿಗೇಶಿಯ ಮಲ್ಲಮ್ಮ ನನ್ನ ತಂದೆಯ ತಂಗಿ. ನಮಗೆಲ್ಲ ಮಲ್ಲತ್ತೆ. ಕೋಟೆ ಬೆಟ್ಟದ ಬುಡದಲ್ಲಿ ಅವಳಿಗೊಂದು ಹುಣಸೆ ತೋಪಿತ್ತು. ಗಂಡ ಹೋದ ಮೇಲೆ ಹಣ್ಣು ಉದುರಿಸಿ, ಬೀಜ ತೆಗೆಸಿ, ಮಧುಗಿರಿ ಸಂತೆಗೆ ಗಾಡಿ ಹೊಡೆಸಿ, ವ್ಯಾಪಾರವನ್ನೆಲ್ಲ ಬಾಯಿಲೆಕ್ಕದಲ್ಲೇ ಮುಗಿಸಿ ಬರುತ್ತಿದ್ದಳು. ಮಧುಗಿರಿಗೆ ಬ್ಯಾಂಕು ಬಂದಾಗ ಧೈರ್ಯವಾಗಿ ಲೆಕ್ಕ ತೆರೆದವರಲ್ಲಿ ಅವಳೂ ಒಬ್ಬಳು. ಹೆಬ್ಬೆಟ್ಟು ಒತ್ತಿಯೇ ತೆರೆದಿದ್ದಳು. ಒಂದು ದಿನ ಅಲ್ಲಿನ ಗುಮಾಸ್ತ ಯಾರಿಗೋ “ಆ ಹೆಬ್ಬೆಟ್ಟಿನ ಮುದುಕಿ ಬಂತು ನೋಡು” ಎಂದದ್ದು ಅವಳ ಕಿವಿಗೆ ಬಿತ್ತು. ಮುದುಕಿ ಎಂದದ್ದಕ್ಕೆ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ನೆಟ್ಟಗೆ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತಳು.

“ಲೇ ರಾಮಾ, ನಂಗೆ ನನ್ನೆಸ್ರು ಬರ್ಯಾಕೆ ಕಲ್ಸು ಕಣ್ಲಾ. ಇನ್ನು ಈ ಬೆಟ್ಟಿಗೆ ಮಸಿ ಮುಟ್ಸಿದ್ರೆ ಕೇಳು!” ಎಂದಳು.

ಊರ ಮಕ್ಕಳಿಗೆಲ್ಲ ಕಲಿಸುವವನಿಗೆ ಅತ್ತೆಗೆ ಕಲಿಸುವುದು ಎಷ್ಟರ ಕೆಲಸ ಎಂದುಕೊಂಡೆ. ಶಾಲೆಯ ಮಕ್ಕಳನ್ನು ಎರಡು ಸಲ ಗದರಿದರೆ ಸುಮ್ಮನಾಗುತ್ತಾರೆ. ಇಲ್ಲಿ ಶಿಷ್ಯೆಯೇ ಗುರುವನ್ನು ಗದರುತ್ತಿದ್ದಳು. ಹುಣಸೆ ಜಜ್ಜಿ ಮರಗಟ್ಟಿದ ಬೆರಳಲ್ಲಿ ಬಳಪ ಪುಡಿಪುಡಿಯಾಗುತ್ತಿತ್ತು. ಆದರೂ ಬಿಡಲಿಲ್ಲ. ಸಂತೆಗೆ ಬಂದಾಗೆಲ್ಲ ನಮ್ಮ ಮನೆಗೆ ಬಂದು ಸ್ಲೇಟು ಹಿಡಿದು ಕೂರುತ್ತಿದ್ದಳು. ನಾನು ಬರೆದು ಕೊಟ್ಟ ‘ಮಲ್ಲಮ್ಮ’ವನ್ನು ಹಾಗೆಯೇ ತಿದ್ದುತ್ತಿದ್ದಳು, ಬಾಲದ ಸಮೇತ.

“ಆ ಬಾಲ ಬ್ಯಾಡತ್ತೆ, ಅದು ನನ್ನ ಚಟ. ‘ಮ’ಕ್ಕೆ ಬಾಲ ಇರಲ್ಲ” ಎಂದೆ.

ಅತ್ತೆ ನನ್ನನ್ನು ಅನುಮಾನದಿಂದ ನೋಡಿದಳು. “ನಿನ್ಗೆ ಮಾತ್ರ ಇರ್ಲಿ, ನನ್ಗೆ ಬ್ಯಾಡ್ವಾ? ಮೋಸ ಮಾಡ್ಬ್ಯಾಡ್ಲಾ, ಕೊಡೋದಾದ್ರೆ ಪೂರ್ತಿ ಅಕ್ಷರ ಕೊಡು!”

ಕಡಿಮೆ ತೂಕದ ವ್ಯಾಪಾರಿಗಳನ್ನು ಕಂಡು ಕಂಡು ಬಂದವಳು. ಅಕ್ಷರದಲ್ಲೂ ತೂಕ ಹೊಡೆಯುತ್ತಾರೆಂದು ಅವಳಿಗೆ ಅನ್ನಿಸಿದರೆ ತಪ್ಪೇನು? ಪೂರ್ತಿ ಕೊಟ್ಟೆ. ಕೊನೆಗೊಂದು ದಿನ ಬ್ಯಾಂಕಿಗೆ ಹೋಗಿ, ಏಜೆಂಟರ ಎದುರಿಗೆ (ಬ್ಯಾಂಕಿನ ಮ್ಯಾನೇಜರಿಗೆ ಆಗ ಅದೇ ಹೆಸರು), ಎರಡು ಬಾಲಗಳ ‘ಮಲ್ಲಮ್ಮ’ ಎಂದು ರುಜು ಮಾಡಿ, ಇನ್ನು ಮೇಲೆ ಇದೇ ನನ್ನ ಗುರುತು ಎಂದು ಬರೆಸಿ ಬಂದಳು. ಆವತ್ತು ನಮ್ಮ ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದಳು. ನಾನಂತೂ ಅವಳಿಗಿಂತ ಹೆಚ್ಚು ಬೀಗಿದೆ.

ಅದಾದ ಮೇಲೆ ಹಳೆಯ ಏಜೆಂಟರಿಗೆ ವರ್ಗವಾಗಿ ಹೊಸಬರು ಬಂದರು. ಯಾವುದೋ ಊರಲ್ಲಿ ಯಾರೋ ಕಳ್ಳ ರುಜು ಹಾಕಿದ ಚೆಕ್ಕಿಗೆ ದುಡ್ಡು ಎತ್ತಿಕೊಂಡು ಹೋಗಿದ್ದನಂತೆ. ಇವರು ಆ ಭಯವನ್ನು ಹೊತ್ತುಕೊಂಡೇ ಬಂದಿದ್ದರು. ಪ್ರತಿಯೊಂದು ಚೆಕ್ಕನ್ನೂ ಹೆಣ್ಣು ನೋಡುವವರ ಹಾಗೆ ಬೆಳಕಿಗೆ ಹಿಡಿದು, ಓರೆ ಮಾಡಿ, ಹಿಂದೆ ಮುಂದೆ ನೋಡುತ್ತಿದ್ದರು. ಅಂಥವರ ಮುಂದೆ ನಾನು ಒಂದು ದಿನ ಎರಡು ಚೆಕ್ಕು ಹಿಡಿದು ನಿಂತೆ. ಒಂದು ನನ್ನದು. ಇನ್ನೊಂದು, ಮನೆಗೆ ಹೆಂಚು ಹೊದಿಸಲೆಂದು ಅತ್ತೆ ರುಜು ಹಾಕಿ ನನ್ನ ಕೈಯಲ್ಲಿ ಕಳಿಸಿದ್ದು. ನನ್ನ ‘ರಾಮಣ್ಣ’ದಲ್ಲಿ ಒಂದು ಬಾಲ, ಅವಳ ‘ಮಲ್ಲಮ್ಮ’ದಲ್ಲಿ ಎರಡು.

ಏಜೆಂಟರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕನ್ನಡಕ ಸರಿಮಾಡಿಕೊಂಡರು. “ಮೇಷ್ಟ್ರೇ, ಈ ಎರಡು ರುಜುವೂ ಒಂದೇ ಕೈಯದು.”

“ಕೈ ಬೇರೆ ಬೇರೆ ಸ್ವಾಮಿ, ‘ಮ’ ಮಾತ್ರ ಒಂದೇ. ಅತ್ತೆಗೆ ಅಕ್ಷರ ಕಲಿಸಿದವನು ನಾನೇ.”

“ಹಾಗಾದರೆ ಅವರ ರುಜು ನಿಮಗೆ ಚೆನ್ನಾಗಿಯೇ ಬರುತ್ತದೆ ಅನ್ನಿ!”

ನಿಜ ಹೇಳುತ್ತಾ ಹೋದಷ್ಟೂ ನಾನು ಕಳ್ಳನಾಗುತ್ತಾ ಹೋದೆ. ಬ್ಯಾಂಕಿನಲ್ಲಿದ್ದ ಗುರುತಿನ ರುಜುವನ್ನೂ ಹಳೆಯ ಏಜೆಂಟರ ಕಣ್ಣು ತಪ್ಪಿಸಿ ನಾನೇ ಹಾಕಿರಬೇಕೆಂಬಲ್ಲಿಗೆ ಮಾತು ಬಂತು. ನಾಳೆ ಆ ಹೆಂಗಸನ್ನು ಕರೆತನ್ನಿ, ಇಲ್ಲವಾದರೆ ಪೊಲೀಸಿಗೂ ನಿಮ್ಮ ಶಾಲಾ ಇನ್‌ಸ್ಪೆಕ್ಟರಿಗೂ ಬರೆಯುತ್ತೇನೆ ಎಂದುಬಿಟ್ಟರು. ಮೇಷ್ಟ್ರ ಕೆಲಸಕ್ಕೆ ಸಂಬಳ ಎಷ್ಟಾದರೂ ಇರಲಿ, ಮಾನ ಇರಬೇಕು. ಅದು ಹೋದರೆ ಹುಡುಗರ ಮುಂದೆ ನಿಂತು ‘ಸತ್ಯವನ್ನೇ ನುಡಿ’ ಎಂದು ಬೋರ್ಡಿನ ಮೇಲೆ ಬರೆಯುವುದು ಹೇಗೆ?

ನಾನು ಹೇಳಿಕಳಿಸಿದ್ದೇ ತಡ, ಮರುದಿನ ಅತ್ತೆ ಮೋಟಾರು ಬಸ್ಸಿನಿಂದ ಇಳಿಯುತ್ತಲೇ ಗುಡುಗಿದಳು. “ಯಾವೋನ್ಲಾ ಅವ್ನು, ನನ್ ರುಜೂನ ನಿಂದು ಅಂದೋನು? ಎಷ್ಟು ಬಳಪ ಸವೆಸೀನಿ ಅಂತ ಅವ್ನಿಗೇನ್ ಗೊತ್ತು!”

ಅಷ್ಟು ಶೌರ್ಯದಿಂದ ಬಂದವಳು, ಏಜೆಂಟರು ಕಾಗದ ಮುಂದಿಟ್ಟು “ಬರೆಯಿರಿ” ಎಂದಾಗ ತಣ್ಣಗಾದಳು. ಬ್ಯಾಂಕಿಗೆ ಬ್ಯಾಂಕೇ ಅವಳ ಕೈ ನೋಡುತ್ತಾ ನಿಂತಿತ್ತು. ಮೊದಲ ‘ಮ’ ಬಾಲ ಕಳೆದುಕೊಂಡಿತು, ‘ಲ್ಲ’ ಮಗುಚಿಕೊಂಡಿತು, ‘ಮ್ಮ’ ಯಾವ ಅಕ್ಷರವೆಂದು ಕಲಿಸಿದ ನನಗೇ ಹೊಳೆಯಲಿಲ್ಲ. ಅವಳನ್ನು ದೂರಿ ಏನು ಪ್ರಯೋಜನ? ಯಾರಾದರೂ ಕತ್ತು ನೀಡಿ ನೋಡುತ್ತಿದ್ದರೆ ನನ್ನ ರುಜುವೂ ನನ್ನ ಮಾತು ಕೇಳುವುದಿಲ್ಲ.

ಏಜೆಂಟರು ನಿಟ್ಟುಸಿರು ಬಿಟ್ಟರು. “ಇದು ಬೇರೆಯೇ ಇದೆಯಲ್ಲ. ಈಕೆಯೇ ಮಲ್ಲಮ್ಮ ಅನ್ನೋದಕ್ಕಾದರೂ ಏನು ಆಧಾರ?” ಎಂದು, ಲೆಕ್ಕ ತೆರೆದ ದಿನದ ಕಾಗದ ತರಿಸಿದರು. ಅದರ ಕೆಳಗೆ ಅತ್ತೆಯ ಹಳೆಯ ಹೆಬ್ಬೆಟ್ಟು ಕಪ್ಪಗೆ ಕೂತಿತ್ತು. “ಎಡಗೈ ಹೆಬ್ಬೆಟ್ಟು ಒತ್ತಿದರೆ ಈಗಲೇ ಗೊತ್ತಾಗುತ್ತದೆ.”

ಅತ್ತೆ ಒಮ್ಮೆ ತನ್ನ ಹೆಬ್ಬೆಟ್ಟು ನೋಡಿಕೊಂಡಳು, ಒಮ್ಮೆ ನನ್ನ ಮುಖ ನೋಡಿದಳು. ಹೆಬ್ಬೆಟ್ಟಿನ ಮುದುಕಿ ಎಂದಿದ್ದ ಆ ಗುಮಾಸ್ತನೂ ಅಲ್ಲೇ ಕೂತಿದ್ದ. “ಬ್ಯಾಡ ಬುಡತ್ತೆ, ಇನ್ನೊಂದ್ಸಲ ಬರಿ” ಎಂದು ಬಾಯಿ ಹೇಳಿತು. ಒತ್ತಿಬಿಡು ತಾಯಿ ಎಂದು ಒಳಗಿನ ಜೀವ ಕೈಮುಗಿಯುತ್ತಿತ್ತು.

“ಸುಮ್ಕಿರ್ಲಾ. ಮಸಿ ಎಲ್ಲಯ್ಯಾ?” ಎಂದಳು ಅತ್ತೆ.

ಪಾವಗಡದ ಕಡೆಯ ಜವಾನ ಮಸಿ ಹಚ್ಚಿದ ತಗಡು ತಂದು, “ವೇಲು ಇಟ್ಲಾ ಪೆಟ್ಟಮ್ಮಾ” ಎಂದು ತನ್ನ ತೆಲುಗಿನಲ್ಲಿ, ಬೆಟ್ಟು ಹೀಗಿಡಬೇಕೆಂದು ತೋರಿಸಲು ಬಂದ. “ಹೋಗಯ್ಯಾ, ನೀನೇನ್ ಕಲ್ಸ್ತೀಯ, ಇದ್ರಾಗೆ ನಾನು ಪಂಡಿತ್ಳು” ಎಂದು ಅವನನ್ನು ಸರಿಸಿ, ಒಂದು ಚೂರೂ ಅಲುಗದಂತೆ ಒತ್ತಿದಳು. ಏಜೆಂಟರು ಭೂತಗನ್ನಡಿ ಹಿಡಿದು ಸುಳಿಯಿಂದ ಸುಳಿಗೆ, ಗೆರೆಯಿಂದ ಗೆರೆಗೆ ನೋಡಿದರು. ಕೊನೆಗೆ ಅವರು ಎದ್ದು ನಿಂತು, “ತಪ್ಪಾಯಿತು ತಾಯಿ, ಕೂತುಕೊಳ್ಳಿ. ಮೇಷ್ಟ್ರೇ, ನೀವೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದರು.

“ತಪ್ಪೇನೈತೆ ಬುಡಿ ಸ್ವಾಮಿ. ಮನೆ ಕಾಯೋ ನಾಯಿ ನೆಂಟ್ರನ್ನ ಕಂಡ್ರೂ ಬೊಗುಳ್ಬೇಕು, ಅದೇ ಚೆಂದ” ಎಂದು ಅತ್ತೆ ಹೊಗಳಿದಳು. ಏಜೆಂಟರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು, ಪುಣ್ಯಾತ್ಮರು. ಆಮೇಲೆ ಅತ್ತೆ ತಾನೇ ಕಾಗದ ಎಳೆದುಕೊಂಡು, ಯಾರೂ ಕೇಳದಿದ್ದರೂ, ಎರಡು ಬಾಲವನ್ನೂ ಠೀವಿಯಿಂದ ಎತ್ತಿ ‘ಮಲ್ಲಮ್ಮ’ ಎಂದು ಬರೆದಳು. ಏಜೆಂಟರ ಜೊತೆ ಆ ಗುಮಾಸ್ತನೂ ನಕ್ಕುಬಿಟ್ಟ.

ಯೋಚಿಸಿದರೆ ಏಜೆಂಟರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಅತ್ತೆಯ ‘ಮ’ ನನ್ನದೇ. ಆದರೆ ನನ್ನ ‘ಮ’ ನನ್ನದೇ? ಅದನ್ನು ನಾನು ಕೊರಟಗೆರೆಯಲ್ಲಿ ನನಗೆ ಕಲಿಸಿದ ಮೇಷ್ಟ್ರಿಂದ ಎತ್ತಿಕೊಂಡವನು. ಅವರು ಯಾರ ಬಾಲ ಹಿಡಿದಿದ್ದರೋ! ವಿದ್ಯೆ ಎಂದರೆ ಕೈಯಿಂದ ಕೈಗೆ ದಾಟಿ ಬಂದ ಎರವಲು. ಯಾರೂ ಕಲಿಸದೆ, ಯಾರಿಂದಲೂ ತಿದ್ದಿಸಿಕೊಳ್ಳದೆ ಅವರವರದೇ ಆಗಿ ಬಂದದ್ದು ಹೆಬ್ಬೆಟ್ಟಿನ ಗೆರೆ ಒಂದೇ. ಅದನ್ನೇ ನಾವು ಬೈಗುಳ ಮಾಡಿಕೊಂಡೆವು.

ಅತ್ತೆಯನ್ನು ಊರಿಗೆ ಬಿಟ್ಟುಬರಲು ನಾನೂ ಮಿಡಿಗೇಶಿಯ ಮೇಲೆ ಹೋಗುವ ಪಾವಗಡದ ಮೋಟಾರು ಹತ್ತಿದೆ. “ಬೆಟ್ಟಿಗೆ ಮಸಿ ಮುಟ್ಟಿಸಲ್ಲ ಅಂದಿದ್ದ ನಿನ್ನ ಮಾತು ನನ್ನಿಂದ ಮುರಿದುಹೋಯ್ತಲ್ಲತ್ತೆ” ಎಂದೆ.

“ಕಲ್ಸಿದ್ಕೆ ನಿನ್ಗೇನೂ ಕೊಟ್ಟಿರ್ಲಿಲ್ಲ ಕಣ್ಲಾ. ಗುರುದಕ್ಷಿಣೆ ಅಂದ್ಕೋ, ಬೆಟ್ಟೇ ಕೊಟ್ಟೆ” ಎಂದು ನಕ್ಕಳು. ನಾನು ಕಿಟಕಿಯ ಕಡೆ ತಿರುಗಿ ಮಧುಗಿರಿಯ ಬೆಟ್ಟ ನೋಡುವವನ ಹಾಗೆ ನಟಿಸಿದೆ.

ಅಷ್ಟರಲ್ಲಿ ಎದುರಿಗೆ ಕೂತಿದ್ದ ಕಡಲೆಕಾಯಿ ವ್ಯಾಪಾರಿಯೊಬ್ಬ ಅತ್ತೆಯ ಬೆಟ್ಟಿನ ಮೇಲಿನ ಮಸಿ ನೋಡಿ, “ಏನಮ್ಮಾ, ಬ್ಯಾಂಕಿನಾಗೆ ಹೆಬ್ಬೆಟ್ಟು ಒತ್ತಿ ಬಂದಂಗೈತೆ?” ಎಂದ.

ಅತ್ತೆ ನೆಟ್ಟಗೆ ಕೂತಳು. “ಯಾರು, ನಾನಾ? ರುಜು ಹಾಕೋವಾಗ ಮಸಿಕುಡಿಕೆ ಮಗುಚ್ಕೊಂತು ಕಣಪ್ಪಾ. ಬೇಕಾದ್ರೆ ನಮ್ ಮೇಷ್ಟ್ರನ್ನ ಕೇಳು.”

ಅವನು ನನ್ನನ್ನು ನೋಡಿದ. ‘ಸತ್ಯವನ್ನೇ ನುಡಿ’ ಎಂದು ಬೋರ್ಡಿನ ಮೇಲೆ ಬರೆಯುವ ಮಾನವನ್ನು ಆ ಹೆಬ್ಬೆಟ್ಟು ನನಗೆ ಆಗತಾನೇ ಉಳಿಸಿಕೊಟ್ಟಿತ್ತು.

“ಹೌದು, ಕಣ್ಣಾರೆ ಕಂಡೆ. ಕುಡಿಕೆಗೆ ಕುಡಿಕೆಯೇ ಮಗುಚಿಕೊಂಡಿತು” ಎಂದೆ.