ಅಕ್ಕ ಮೊದಲು ಉಂಡ ದಿನ

ತೂಕ ಇಳಿಸುವ ವಿಷಯದಲ್ಲಿ ನನ್ನಷ್ಟು ಅನುಭವ ಇರುವವಳು ವಿಜಯಪುರದ ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಇನ್ನೊಬ್ಬಳಿಲ್ಲ. ಮೆಂತ್ಯದ ನೀರು ಕುಡಿದಿದ್ದೇನೆ, ರಾತ್ರಿ ಊಟ ಬಿಟ್ಟಿದ್ದೇನೆ, ಮೊಬೈಲಿನಲ್ಲಿ ಯಾರೋ ಹೇಳಿದರೆಂದು ಶ್ರಾವಣ ಪೂರ್ತಿ ಅನ್ನದ ಮುಖ ನೋಡಿಲ್ಲ. ಇಳಿದದ್ದೆಲ್ಲ ಒಂದು ಮದುವೆ ಸೀಸನ್ನಿನಲ್ಲಿ ಬಡ್ಡಿ ಸಮೇತ ಮರಳಿ ಬಂದಿದೆ. ಬಾಯಿ ಕಟ್ಟುವುದು ಮನಸ್ಸು ಗಟ್ಟಿ ಇದ್ದವರ ಕೆಲಸ, ನನ್ನಂಥವರು ಸುಮ್ಮನೆ ಪೇಚಾಡಬೇಕು ಎಂದೇ ನಂಬಿಕೊಂಡಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದವಳು ಘೋಣಸಗಿಗೆ ಕೊಟ್ಟ ನನ್ನ ಅಕ್ಕ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಕಳೆದ ವರ್ಷ ಚಪ್ಪಲಿ ಕಚ್ಚಿ ಕಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ವಿಜಯಪುರದ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, "ಅಕ್ಕಾರ, ಸಕ್ಕರಿ ಇಳೀಲಿಲ್ಲಂದ್ರ ಬೆರಳ ತಗೀಬೇಕಾಗ್ತೈತ್ರಿ. ಹೊತ್ತಿಗೊಂದ ರೊಟ್ಟಿ, ಪಲ್ಯ ಎಷ್ಟರ ತಿನ್ರಿ, ಅನ್ನ ಎರಡ ತುತ್ತು, ಅಷ್ಟ" ಎಂದರು. ಅಕ್ಕ ತಲೆಯಾಡಿಸಿದಳು. ತಿಂಗಳು ಬಿಟ್ಟು ನೋಡಿದರೆ ಸಕ್ಕರೆ ಇದ್ದಲ್ಲೇ ಇತ್ತು, ಗಾಯದ ಅಂಚು ಕಪ್ಪಾಗತೊಡಗಿತ್ತು. ಇನ್ನೊಂದು ತಿಂಗಳು ನೋಡೋಣ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದರು.

ನನಗೆ ಕೆಟ್ಟ ಸಿಟ್ಟು ಬಂತು. ಅವಳ ಜೊತೆಗೇ ಬಸ್ಸು ಹತ್ತಿ ಘೋಣಸಗಿಗೆ ಹೋದೆ. ಕಳ್ಳತನ ಹಿಡಿಯಬೇಕೆಂಬುದೇ ನನ್ನ ಉದ್ದೇಶ. ಅವರದು ದ್ರಾಕ್ಷಿ ತೋಟ, ಶೆಡ್ಡಿನ ತುಂಬ ಒಣದ್ರಾಕ್ಷಿ. ಹೋಗುತ್ತ ಬರುತ್ತ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾಳೆಂದು ನನ್ನ ಗುಮಾನಿ. ಪೊಲೀಸರ ಹಾಗೆ ಬೆನ್ನು ಬಿದ್ದೆ. ಏನೂ ಸಿಗಲಿಲ್ಲ. ಚಹಾ ಕೂಡ ಸಪ್ಪೆಯೇ ಕುಡಿಯುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಉಂಡ ಮೇಲೆ ನನ್ನೆದುರೇ ಕುಳಿತು ಒಂದು ರೊಟ್ಟಿ, ಬಟ್ಟಲ ತುಂಬ ಹೀರೇಕಾಯಿ ಪಲ್ಯ ಉಂಡು ಕೈ ತೊಳೆದಳು. ನನಗೇ ನಾಚಿಕೆಯಾಯಿತು.

ಪಾತ್ರೆ ತೆಗೆದಿಡಲು ಅವಳು ಒಳಗೆ ಹೋದಳು. ನೀರು ಕುಡಿಯಲು ನಾನೂ ಹಿಂದೆ ಹೋದೆ. ಅಕ್ಕ ನಿಂತೇ ಇದ್ದಳು. ಬುಟ್ಟಿಯಲ್ಲಿ ಉಳಿದ ರೊಟ್ಟಿಗಳಿಂದ ಕಡಲೆಹಿಟ್ಟಿನ ಝುಣಕದ ಪಾತ್ರೆಯ ತಳ ಬಳಿದು ಬಾಯಿಗೆ ಹಾಕಿಕೊಂಡಳು. ಮೊಮ್ಮಗಳು ಕಚ್ಚಿ ಬಿಟ್ಟ ಚಪಾತಿ ಹೋಯಿತು. ಬೋಗುಣಿಯ ತಳದ ಅನ್ನಕ್ಕೆ ಸಾರು ಸುರಿದುಕೊಂಡು ಅದನ್ನೂ ಮುಗಿಸಿದಳು. ರುಚಿ ನೋಡುವ ವ್ಯವಧಾನವೇ ಇಲ್ಲ, ಕಸ ಗುಡಿಸುವ ಅವಸರ.

"ಏನ ಮಾಡಾಕತ್ತಿ ಅಕ್ಕಾ?"

"ಬಾಂಡೆ ಖಾಲಿ ಮಾಡಾಕತ್ತೇನಿ."

"ಉಣ್ಣಾಕತ್ತಿ ನೀ!"

"ಹುಚ್ಚಿ, ನನ್ನ ಊಟ ನಿನ್ನ ಮುಂದ ಆತಲ್ಲ. ಇದು ಉಳಿದದ್ದು ಬೇ. ಚೆಲ್ಲಾಕ ಬರ್ತೈತೇನು?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ದಂಗುಬಡಿಸಿದ್ದು. ಮುಖದಲ್ಲಿ ಕಳ್ಳತನದ ಎಳೆಯೂ ಇರಲಿಲ್ಲ. ತಟ್ಟೆಗೆ ಬಿದ್ದದ್ದು ಊಟ, ನಿಂತು ಬಳಿದದ್ದು ಮನೆಗೆಲಸ. ಬಬಲೇಶ್ವರದ ನಮ್ಮ ತವರಿನಲ್ಲಿ ಅವ್ವನೂ ಹೀಗೇ ಮಾಡುತ್ತಿದ್ದಳು. ಯಾರಾದರೂ ಬಂದಾರೆಂದು ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುವುದು ನಮ್ಮ ಕಡೆಯ ರೂಢಿ. ಯಾರೂ ಬಾರದಿದ್ದರೆ ಅವು ಕೊನೆಗೆ ಉಣ್ಣುವ ಹೆಂಗಸಿನ ಪಾಲು. ಡಾಕ್ಟರು ಅಕ್ಕನ ತಟ್ಟೆಗೆ ಪಥ್ಯ ಹೇಳಿದ್ದರು, ಬುಟ್ಟಿಯ ಮಾತು ಅವರಿಗೆ ಹೇಗೆ ತಿಳಿಯಬೇಕು?

"ನಾಳಿಂದ ನೀ ಎಲ್ಲಾರ್ಕಿಂತ ಮೊದ್ಲ ಉಣ್ಣು. ಉಂಡು ಎದ್ದು ಹೊರಗ ಹೋಗು" ಎಂದು ರೇಗಿದೆ.

"ಗಂಡಸರು ಉಣ್ಣೂಕಿಂತ ಮೊದ್ಲ ನಾ ಉಣ್ಲಿ? ಏನ ಮಾತಂತ ಆಡ್ತಿ!"

ಅವಳ ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಅತ್ತಿ, ಉಳಿದದ್ದು ನಾ ನೋಡ್ಕೋತೀನ್ರಿ. ಆಕಳ ಐತಿ, ನಾಯಿ ಐತಿ. ನೀವು ಉಣ್ರಿ" ಎಂದಳು.

ಮರುದಿನ ಅಕ್ಕನನ್ನು ಕೈ ಹಿಡಿದು ಕೂರಿಸಿದೆವು. ರೊಟ್ಟಿ ಮುರಿದಳು, ಬಾಯಿಗೆ ಹೋಗಲೊಲ್ಲದು. ಹೊರಗೆ ಕಟ್ಟೆಯ ಮೇಲೆ ಗಂಡ ಇನ್ನೂ ಉಣ್ಣದೆ ಕುಳಿತಿದ್ದರು, ಅವಳ ಕಣ್ಣು ಅತ್ತಲೇ. ಭಾವನಿಗೆ ಏನನ್ನಿಸಿತೋ, ಟವೆಲ್ಲು ಹೆಗಲಿಗೆ ಹಾಕಿಕೊಂಡು, "ನನಗ ಈಗ ಗಡಿಬಿಡಿ ಇಲ್ಲ, ತ್ವಾಟಕ್ಕ ಹೋಗಿ ಬರ್ತೀನಿ" ಎನ್ನುತ್ತ ಎದ್ದು ನಡೆದರು. ಅವರಿಗೆ ಕೈ ಮುಗಿಯಬೇಕೆನಿಸಿತು ನನಗೆ. ಅಕ್ಕ ಕಣ್ಣು ಒರೆಸಿಕೊಳ್ಳುತ್ತಲೇ ಆ ಒಂದು ರೊಟ್ಟಿ ಮುಗಿಸಿದಳು.

"ಹೊಟ್ಟಿ ತುಂಬ್ತೇನ ಅಕ್ಕಾ?"

"ಅದು ಹೆಂಗ ತಿಳೀತೈತಿ ಬೇ? ಬುಟ್ಟಿ ಖಾಲಿ ಆತಂದ್ರ ಊಟ ಮುಗೀತು, ಅಷ್ಟ ನನಗ ಗೊತ್ತು."

ಮನಸ್ಸು ಗಟ್ಟಿ, ಮನಸ್ಸು ಸಡಿಲ ಎಂದು ನಾನು ಇಷ್ಟು ವರ್ಷ ಮಾಡಿದ ವಾದವೆಲ್ಲ ಎಲ್ಲಿಗೆ ಹೋಯಿತೋ. ಈಕೆಗೆ ತನ್ನ ಹೊಟ್ಟೆಯ ಪರಿಚಯವೇ ಇರಲಿಲ್ಲ, ಯಾರೂ ಮಾಡಿಕೊಟ್ಟಿರಲಿಲ್ಲ. ಒಬ್ಬ ಹೆಂಗಸಿನ ಬಾಯಿಗೆ ಹೋಗುವ ಎರಡು ರೊಟ್ಟಿ ಕಡಿಮೆಯಾಗಲು ಇಡೀ ಮನೆ ಊಟದ ಸರದಿ ಬದಲಿಸಬೇಕಾಯಿತು. ಬದಲಿಸಿತು ಕೂಡ.

ಸಕ್ಕರೆ ಇಳಿಯಿತು. ಗಡುವಿನ ದಿನ ಡಾಕ್ಟರು ಬೆರಳನ್ನು ಒತ್ತಿ ಒತ್ತಿ ನೋಡಿ, "ಉಳೀತ್ರೀ ಅಕ್ಕಾರ, ಹಿಂಗ ನಡಸ್ರಿ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅಕ್ಕ ಮಾತ್ರ ಸೆರಗು ಸರಿಪಡಿಸಿಕೊಂಡು ಚಪ್ಪಲಿ ಮೆಟ್ಟಿದಳು. ಅವಳನ್ನು ಊರಿಗೆ ಬಿಟ್ಟು ಬರಲು ನಾನೂ ಹೊರಟೆ. ತಿಕೋಟಾದಲ್ಲಿ ಇಳಿದು ಘೋಣಸಗಿ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಬಸ್ಸು ಬಂತು. ಎಲ್ಲರೂ ನುಗ್ಗಿದರು. ಅಕ್ಕ ಮಾತ್ರ ನಿಂತಲ್ಲೇ ನನ್ನ ಕೈ ಹಿಡಿದುಕೊಂಡಳು.

"ಈ ಬಸ್ ಹೋಗ್ಲಿ ಬಿಡ. ನನಗ ಹಸಿವ್ಯಾಗೇತಿ."

ಅಕ್ಕನ ಬಾಯಿಂದ ಆ ಮಾತನ್ನು ಹುಟ್ಟಿದಾಗಿನಿಂದ ನಾನು ಕೇಳಿದ್ದು ಅದೇ ಮೊದಲು.