ಬರ್ತೇನ್ರಿ ಅಂದ ಮೇಲಿನ ಮಾತು

ನಡುವೆ ಕೆಲವು ತಿಂಗಳು ನಾನು ನನ್ನದೇ ಮನೆಯ ಹೊಸ್ತಿಲಿಗೆ ರಂಗೋಲಿ ಹಾಕಲು ಹೋಗುವ ಮುನ್ನ ತಲೆ ಬಾಚಿಕೊಳ್ಳುತ್ತಿದ್ದೆ. ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಆಕಳಿಕೆ ಬಂದರೆ ತಡೆದುಕೊಂಡು, ಒಳಗೆ ಬಂದು ಆಕಳಿಸುತ್ತಿದ್ದೆ. ಮದುವೆಯ ಹೊಸತರಲ್ಲಿ ಅತ್ತೆಯ ಎದುರಿಗೂ ಇಷ್ಟು ನಾಜೂಕು ತೋರಿಸಿದವಳಲ್ಲ ನಾನು. ತೋರಿಸಿದ್ದು ಬಾಗಿಲ ಚೌಕಟ್ಟಿನ ಮೇಲೆ ಕೂತಿದ್ದ, ಬೆಳ್ಳಗೆ ಮೋದಕದಂತಿದ್ದ ಒಂದು ಕ್ಯಾಮೆರಾಕ್ಕೆ.

ಅದು ಬಂದದ್ದು ಚಪ್ಪಲಿಯ ದೆಸೆಯಿಂದ. ಪುಣೆಯ ಕೋಥರೂಡದ ನಮ್ಮ ಸೊಸೈಟಿಯಲ್ಲಿ ಮೇಲಿನ ಮಹಡಿಯವರ ಹೊಚ್ಚ ಹೊಸ ಕೊಲ್ಹಾಪುರಿ ಚಪ್ಪಲಿ ಬಾಗಿಲ ಮುಂದಿನಿಂದ ಮಾಯವಾಯಿತು. ಸೊಸೈಟಿಯ ಸಭೆಯಲ್ಲಿ ಆ ಚಪ್ಪಲಿಯ ಬಗ್ಗೆ ನಡೆದಷ್ಟು ಚರ್ಚೆ ಬೇಸಗೆಯ ನೀರಿನ ಬಗ್ಗೆಯೂ ನಡೆದಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ, ಕಾಯಲು ಏನೂ ಇಲ್ಲದೆ ಬೇಸತ್ತಿದ್ದ ನಮ್ಮ ಯಜಮಾನರಿಗೆ ಅವತ್ತು ಹೊಸ ಡ್ಯೂಟಿ ಸಿಕ್ಕಿತು. ಅಂಗಡಿಯವನು ಬಂದು ಗೋಡೆಗೆ ಡ್ರಿಲ್ ಹೊಡೆದ. ವೈಫೈ ಪಾಸ್‌ವರ್ಡ್ ಕೇಳಿದ. ಅದು ನಮ್ಮಿಬ್ಬರಿಗೂ ನೆನಪಿರಲಿಲ್ಲ. ಹುಡುಕಾಡಿದಾಗ ದೇವರ ಕೋಣೆಯ ಪಂಚಾಂಗದ ಹಿಂಬದಿಯಲ್ಲಿ ಸಿಕ್ಕಿತು. ಇದು ನೋಡುತ್ತದೆ, ಕೇಳುತ್ತದೆ, ಮಾತೂ ಆಡುತ್ತದೆ, ಎಲ್ಲವನ್ನೂ ಕೂಡಿಡುತ್ತದೆ ಎಂದು ಮರಾಠಿಯಲ್ಲಿ ವಿವರಿಸಿ ಹೋದ. ಹಾಗಾದರೆ ಮನೆಯಲ್ಲಿ ನಮಗಿನ್ನೇನು ಕೆಲಸ ಎಂದುಕೊಂಡೆ.

ಅಂದಿನಿಂದ ಬಾಗಿಲ ಮುಂದೆ ಯಾರು ಹಾದರೂ ಇವರ ಮೊಬೈಲು ಟಿಂಗ್ ಅನ್ನುವುದು. ಹಾಲಿನವ ಬಂದರೆ ಟಿಂಗ್, ಎದುರು ಮನೆಯ ಬೆಕ್ಕು ಬಂದರೆ ಟಿಂಗ್.

"ಏ, ನೀ ಹೊರಗ ಬಂದೀ ನೋಡು!" ಎಂದು ಇವರು ಒಳಗಿನಿಂದ ಕೂಗುವರು.

"ಗೊತ್ತದರೀ, ನಾನ ಬಂದೀನಲ್ಲ!" ಎಂದು ನಾನು ಹೊರಗಿನಿಂದ.

ಒಂದು ಸಲವಂತೂ ಕ್ಯಾಮೆರಾದೊಳಗಿನಿಂದಲೇ "ಕೋಣ ಆಹೇ? ಯಾರದು?" ಎಂದು ಇವರು ಗುಡುಗಿದ ರಭಸಕ್ಕೆ, ಪಾರ್ಸೆಲ್ ತಂದವನು ಅದನ್ನು ನೆಲಕ್ಕಿಟ್ಟು, ಗೋಡೆಗೆ ನಮಸ್ಕಾರ ಮಾಡಿ ಹೋದ.

ಮನೆ ಕಾಯುವುದೇನು ಹೊಸ ವಿದ್ಯೆಯಲ್ಲ. ಧಾರವಾಡದಲ್ಲಿ ನಮ್ಮಜ್ಜಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತರೆ ಇಡೀ ಓಣಿ ಅವಳ ಕಣ್ಣಳತೆಯಲ್ಲಿರುತ್ತಿತ್ತು. "ಯಾರವಾ ನೀ? ಯಾರ ಪೈಕಿ?" ಎಂದು ಕೇಳದೆ ಒಂದು ನರಪಿಳ್ಳೆಯನ್ನೂ ಮುಂದೆ ಬಿಡುತ್ತಿರಲಿಲ್ಲ. ಆದರೆ ಅಜ್ಜಿಗೆ ಎದುರುತ್ತರ ಕೊಡಬಹುದಿತ್ತು. ಮೇಲಾಗಿ, ಕಂಡದ್ದರಲ್ಲಿ ಮುಕ್ಕಾಲು ಪಾಲನ್ನು ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ನಮ್ಮ ಹಳೆಯ ಗುಡಿಗಳ ದ್ವಾರಪಾಲಕರನ್ನೇ ನೋಡಿ. ಗುಡ್ಡೆ ಹೊರಬೀಳುವಂಥ ಕಣ್ಣು, ಕೈಯಲ್ಲಿ ಗದೆ, ಎಚ್ಚರಿಕೆ ಕೊಡಲು ಎತ್ತಿದ ಬೆರಳು. ಯಾರು ಯಾವ ಹರಕೆ ಹೊತ್ತು ಬಂದರು, ಯಾರು ಕಣ್ಣೊರೆಸಿಕೊಳ್ಳುತ್ತ ಹೋದರು, ಎಲ್ಲ ಅವರಿಗೆ ಗೊತ್ತು. ಸಾವಿರ ವರ್ಷದಲ್ಲಿ ಯಾರ ಮುಂದಾದರೂ ಬಾಯಿಬಿಟ್ಟಿದ್ದಾರೆಯೇ? ಕಣ್ಣು ಕಿವಿ ಇದ್ದು ಹೊಟ್ಟೆಯೇ ಇಲ್ಲದವನ ಕೈಗೆ ಬಾಗಿಲು ಒಪ್ಪಿಸಬಾರದು. ಇದು ನನಗೆ ತಿಳಿದದ್ದು ಶಾರದಕ್ಕನ ಸ್ಕೂಟರ್ ಪ್ರಕರಣದಲ್ಲಿ.

ಶಾರದಕ್ಕ ನಮ್ಮ ಕೆಳಗಿನ ಮಹಡಿಯವರು, ಕುಂದಾಪುರದ ಕಡೆಯವರು. ಅವರ ಯಜಮಾನರು ಪುಣೆಯಲ್ಲಿ ಹೋಟೆಲು ಕಟ್ಟಿ ಬೆಳೆಸಿದರು. ಅವರು ತೀರಿಕೊಂಡ ಮೇಲೆ ಮಗ ಪ್ರಕಾಶ ನಡೆಸುತ್ತಿದ್ದಾನೆ. ನಮ್ಮಿಬ್ಬರಲ್ಲಿ ಹಿರಿಯರು ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹಾಗಾಗಿ ನನಗೆ ಅವರು ಶಾರದಕ್ಕ, ಅವರಿಗೆ ನಾನು ಸುಧಕ್ಕ.

ನಮ್ಮ ಹೆಂಗಸರಲ್ಲಿ ಒಂದು ಪದ್ಧತಿಯಿದೆ, ನಿಮಗೂ ಗೊತ್ತಿರಬಹುದು. ಮನೆಗೆ ಬಂದವರು ಸೋಫಾದ ಮೇಲೆ ಕೂತು ಆಡುವುದು ಬರೀ ಪೀಠಿಕೆ. ಬಿಸಿಲು, ತೊಗರಿಬೇಳೆ, ಯಾರದೋ ಮಗಳ ಮದುವೆ. ಅವಲಕ್ಕಿ ತಿಂದು, ಚಹಾ ಕುಡಿದು, "ಬರ್ತೇನ್ರಿ" ಎಂದು ಎದ್ದು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ನಿಂತ ಮೇಲೆಯೇ ನಿಜವಾದ ಮಾತು ಶುರುವಾಗುವುದು. "ಇಷ್ಟೊತ್ತು ನಿಂತ ಮಾತಾಡೋದು ಒಳಗ ಕೂತ ಮಾತಾಡಬಾರದೇನು?" ಎನ್ನುತ್ತಾರೆ ಗಂಡಸರು. ಕೂತರೆ ಆ ಮಾತು ಬರುವುದಿಲ್ಲ ಸ್ವಾಮಿ! ಹೊರಟು ನಿಂತವಳಿಗೆ ಒಂದು ಧೈರ್ಯವಿರುತ್ತದೆ, ಹೇಳಿದ ಮರುಗಳಿಗೆ ಓಡಿಹೋಗಬಹುದೆಂಬ ಧೈರ್ಯ.

ಹಾಗೆ ನಿಂತೇ ಶಾರದಕ್ಕ ಒಂದು ದಿನ ಹೇಳಿದರು: "ಸುಧಕ್ಕ, ಯಾರ ಹತ್ರವೂ ಹೇಳ್ಬೇಡಿ ಆಯ್ತಾ? ನಾನು ಸ್ಕೂಟರ್ ಕಲೀತಾ ಇದ್ದೇನೆ! ಮಧ್ಯಾಹ್ನ, ಪ್ರಕಾಶ ಹೋಟೆಲಲ್ಲಿರುವಾಗ. ಪೂರ್ತಿ ಕಲಿತ ಮೇಲೆ ಒಮ್ಮೆಲೇ ಹೋಟೆಲಿನ ಎದುರು ತಂದು ನಿಲ್ಲಿಸ್ತೇನೆ, ಕಾಣಿ."

ಅವರ ಯಜಮಾನರು ತೀರಿಹೋದ ಮೇಲೆ ಆ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ನಮ್ಮ ತಲೆಯ ಮೇಲೇ ಕ್ಯಾಮೆರಾ ಇತ್ತು. ಅದರ ಕಣ್ಣಿಗೆ ಹೆದರಿ ಸೆರಗು ಸರಿಮಾಡಿಕೊಳ್ಳುತ್ತಿದ್ದ ನನಗೆ ಅದರ ಕಿವಿಯ ನೆನಪಾಗಲಿಲ್ಲ.

ನಮ್ಮವರಿಗೆ ಊಟವಾದ ಮೇಲೆ ಅಡಿಕೆ ಹಾಕಿಕೊಂಡು ಆ ದಿನದ ರೆಕಾರ್ಡಿಂಗ್ ನೋಡುವ ಅಭ್ಯಾಸ. ನೋಡಿದರು, ಕೇಳಿದರು, ಹಿಗ್ಗಿದರು. ಹೇಳಬೇಡಿ ಅಂದದ್ದು ನನಗಷ್ಟೇ ಎಂದುಕೊಂಡಿರಬೇಕು. ಅವರೇನು ಚಾಡಿ ಹೇಳುವ ಜಾತಿಯಲ್ಲ. ನಮ್ಮ ಕಡೆ ಒಬ್ಬರ ಸುದ್ದಿ ಕಿವಿಗೆ ಬಿದ್ದ ಮೇಲೆ ವಿಚಾರಿಸದೆ ಸುಮ್ಮನಿರುವವನಿಗೆ ಕರುಳಿಲ್ಲವೆನ್ನುತ್ತಾರೆ. ಆ ಧರ್ಮ ಪಾಲಿಸಿ, ಲಿಫ್ಟಿನಲ್ಲಿ ಸಿಕ್ಕ ಪ್ರಕಾಶನ ಬೆನ್ನು ತಟ್ಟಿದರು: "ಅಲ್ಲೋ ಪ್ರಕಾಶ, ನಿಮ್ಮವ್ವ ಸ್ಕೂಟರ್ ಕಲೀಲಿಕ್ಕ ಹತ್ಯಾರಂತ! ಭಾಳ ಚಲೋ ಆತು ನೋಡು!"

ಪ್ರಕಾಶ ಒಳ್ಳೆಯ ಹುಡುಗ. ತಾಯಿಯೆಂದರೆ ಪ್ರಾಣ. ಹಾಗಾಗಿಯೇ ಅಂದೇ ಸ್ಕೂಟರ್ ಕಲಿಸುವ ಕ್ಲಾಸಿಗೆ ಫೋನ್ ಮಾಡಿ, ಅಮ್ಮ ಇನ್ನು ಬರುವುದಿಲ್ಲ ಎಂದು ಹೇಳಿಬಿಟ್ಟ.

ಇದ್ಯಾವುದೂ ಆಗ ನನಗೆ ಗೊತ್ತಿಲ್ಲ. ಗೊತ್ತಾದದ್ದಿಷ್ಟೇ: ಶಾರದಕ್ಕ ನಮ್ಮ ಕಡೆ ಸುಳಿಯುತ್ತಿಲ್ಲ, ಮೆಟ್ಟಿಲಲ್ಲಿ ಎದುರಾದರೆ ನೆಲ ನೋಡುತ್ತ ಹೋಗುತ್ತಾರೆ. ಕೊನೆಗೆ ಕಾಯಿಪಲ್ಲೆ ಗಾಡಿಯ ಹತ್ತಿರ ಹಿಡಿದು ನಿಲ್ಲಿಸಿದೆ.

"ಏನಾತ್ರಿ ಶಾರದಕ್ಕ?"

"ಸ್ಕೂಟರ್ ವಿಷಯ ಪ್ರಕಾಶನಿಗೆ ಗೊತ್ತಾಯ್ತು. ಕ್ಲಾಸ್ ಬಂದ್. ನಿಮ್ಮ ಹತ್ರ ಒಂದೇ ಒಂದು ಮಾತು ಹೇಳಿದ್ದೆ ಸುಧಕ್ಕ," ಎಂದು ಮೆಂತ್ಯದ ಸೂಡು ಎತ್ತಿಕೊಂಡು ಹೊರಟೇಹೋದರು.

ಬೈದಿದ್ದರೆ ಜೀರ್ಣಿಸಿಕೊಳ್ಳುತ್ತಿದ್ದೆ. ಮನೆಗೆ ಬಂದು ಇವರನ್ನು ವಿಚಾರಣೆಗೆ ನಿಲ್ಲಿಸಿದೆ.

"ಸ್ಕೂಟರ್ ಸುದ್ದಿ ಪ್ರಕಾಶನ ಮುಂದ ನೀವ ಹೇಳಿದ್ರೇನು?"

"ಹೂಂ. ಕ್ಯಾಮೆರಾದಾಗ ಬಂದಿತ್ತಲ್ಲ. ನಾ ಏನ ಕೆಟ್ಟ ಮಾತಾಡೀನೇನು? ಶಾಭಾಸ್ ಅಂದೆ."

"ನಿಮ್ಮ ಶಾಭಾಸಕಿಗೆ ಒಬ್ಬಾಕಿ ಗಾಡಿ ನಿಂತ ಹೋತು! ಸ್ಟೂಲ್ ಹಿಡೀರಿ."

"ಯಾಕ?"

"ಇದನ್ನ ತಗೀತೀನಿ."

"ಹುಚ್ಚಿದ್ದೀ ಏನು? ಕಳ್ಳರು ಬಂದರ?"

"ಬಂದರ ಚಪ್ಪಲಿ ಒಯ್ತಾರ, ಒಯ್ಯಲಿ. ಇದು ನನ್ನ ಮನಿಗೆ ಬರೋ ಮಂದೀನ ಒಯ್ದದ!"

ಇವರು ಗೊಣಗಿದರು; ಆದರೂ ಸ್ಟೂಲ್ ಹಿಡಿದರು. ಸಂಸಾರ ನಡೆಯುವುದು ಹೀಗೆಯೇ. ನಾನು ಮೇಲೆ ಸ್ಕ್ರೂ ತಿರುಗಿಸುತ್ತಿದ್ದರೆ ಕೆಳಗೆ ಇವರ ಜೇಬು ಒಂದೇ ಸಮನೆ ಟಿಂಗ್ ಟಿಂಗ್ ಎಂದು ಬೊಬ್ಬೆ ಹಾಕಿತು. ಆ ದೃಶ್ಯವನ್ನು ಆಮೇಲೆ ನೋಡಿದೆ. ಪರದೆಯ ತುಂಬ ನನ್ನ ಮೂಗಿನ ಹೊಳ್ಳೆ, ಕಚ್ಚಿ ಹಿಡಿದ ನಾಲಿಗೆ. ಅಷ್ಟು ದಿನದಲ್ಲಿ ಆ ಕ್ಯಾಮೆರಾ ಹಿಡಿದುಕೊಟ್ಟ ಒಬ್ಬಳೇ ಒಬ್ಬ ಕಳ್ಳಿ ನಾನು.

ವೈರು ಜೋತಾಡುತ್ತಿದ್ದ ಹಾಗೆಯೇ ಅದನ್ನು ಹಿಡಿದುಕೊಂಡು ಕೆಳಗಿನ ಮಹಡಿಗೆ ಹೋದೆ. ಪ್ರಕಾಶ ಊಟಕ್ಕೆ ಬಂದಿದ್ದ.

"ಶಾರದಕ್ಕ, ನಿಮ್ಮ ಮಾತು ಹೊರಗ ಹಾಕಿದಾಕಿ ನಾ ಅಲ್ಲರಿ, ಇದು. ಇದನ್ನ ಇಟ್ಟುಕೊಂಡವರು ಮಾತ್ರ ನಾವು. ಏನ ಬೈತೀರಿ, ಬೈರಿ."

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ಸಣ್ಣದಕ್ಕೆ ಅಷ್ಟುದ್ದ ಕಿವಿಯಾ ಮಾರಾಯ್ತಿ!"

ಪ್ರಕಾಶ ಕೈ ತೊಳೆದು ಬಂದ. ಇಲ್ಲಿಯ ರೂಢಿಯಂತೆ ಅವನಿಗೆ ನಾನು ಕಾಕು, ಅಂದರೆ ಚಿಕ್ಕಮ್ಮ. "ಕಾಕು, ನೀವಾದ್ರೂ ಅಮ್ಮನಿಗೆ ಹೇಳಿ. ಪುಣೆ ಟ್ರಾಫಿಕ್ ಗೊತ್ತಲ್ಲ. ಈ ವಯಸ್ಸಲ್ಲಿ ಬಿದ್ರೆ? ಸೇಫ್ಟಿ ನೋಡ್ಬೇಕಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಶಾರದಕ್ಕ ಎದ್ದು ನಿಂತರು. "ನಿನ್ನ ಹೋಟೆಲಲ್ಲಿ ಮೂಲೆ ಮೂಲೆಗೆ ಕ್ಯಾಮೆರಾ ಉಂಟು. ಯಾರ ಪ್ಲೇಟಿಗೆ ಎಷ್ಟು ಚಟ್ನಿ ಬಿತ್ತು ಅಂತ ಇಲ್ಲಿ ಕೂತೇ ಕಾಣ್ತೀಯ. ನಿನ್ನ ಅಮ್ಮ ಈ ಸೋಫಾದಲ್ಲಿ ಕೂತು ಕೂತು ಸೋಫಾವೇ ಆದದ್ದು ಕಾಣ್ಲಿಲ್ವಾ ಮಗ? ನಾಳೆಯಿಂದ ಕ್ಲಾಸಿಗೆ ಹೋಗ್ತೇನೆ. ಕದ್ದು ಅಲ್ಲ, ನಿನ್ನ ಎದುರೇ ಹೆಲ್ಮೆಟ್ ಹಾಕ್ಕೊಂಡು ಹೋಗ್ತೇನೆ. ಬಿದ್ದರೆ ಏಳ್ತೇನೆ."

ಅವನು ನನ್ನ ಕಡೆ ತಿರುಗಿದ.

"ಹೆದರಬ್ಯಾಡಪಾ," ಎಂದೆ. "ಕಲಿತ ಮ್ಯಾಲೆ ಹಿಂದ ನಾ ಕೂಡ್ತೀನಿ. ಬಿದ್ದರ ಇಬ್ಬರೂ ಬೀಳ್ತೀವಿ."

ಅವನು ನನ್ನ ಗಾತ್ರವನ್ನೊಮ್ಮೆ ಅಳೆದು, "ಈಗ ನಿಜವಾಗ್ಲೂ ಹೆದರಿಕೆ ಆಗ್ತಿದೆ ಕಾಕು," ಎಂದ. ಮೊದಲು ನಕ್ಕವರು ಶಾರದಕ್ಕ.

ಸೊಸೈಟಿಯವರು ಈಗಲೂ ಬಿಡುತ್ತಿಲ್ಲ. ಪ್ರತಿ ಬಾಗಿಲಿಗೂ ಕ್ಯಾಮೆರಾ ಇರಲಿ ಎಂದು ಗ್ರೂಪಿನಲ್ಲಿ ಮೆಸೇಜು ಹಾಕುತ್ತಾರೆ. ಗೇಟಿಗೆ ಹಾಕಿ, ಪಾರ್ಕಿಂಗಿಗೆ ಹಾಕಿ, ನನ್ನ ಅಡ್ಡಿಯಿಲ್ಲ. ನನ್ನ ಹೊಸ್ತಿಲಿಗೆ ಮಾತ್ರ ಹಾಕಗೊಡುವುದಿಲ್ಲ. ಹೆದರಿಕೆಗೆ ಎಷ್ಟು ಬೇಕಾದರೂ ಬೀಗಗಳು ಹುಟ್ಟುತ್ತವೆ. ನಂಬಿ ಬಂದು ನಿಂತು ಆಡುವವರು ಒಮ್ಮೆ ಹೋದರೆ ಎಲ್ಲಿಂದ ತರಲಿ? ನಮ್ಮವರ ಸಮಾಧಾನಕ್ಕೆ ಆ ಕ್ಯಾಮೆರಾವನ್ನು ಬಾಲ್ಕನಿಗೆ ಸಿಕ್ಕಿಸಿದ್ದೇವೆ. ಅಲ್ಲಿ ಅದು ಪಾರಿವಾಳಗಳನ್ನು ಕಾಯುತ್ತದೆ. ಅವಕ್ಕೆ ಮಾನ ಮರ್ಯಾದೆಯ ಗೊಡವೆಯಿಲ್ಲ.

ಹೋದ ಭಾನುವಾರ ಶಾರದಕ್ಕ ಮೊದಲ ಸಲ ನನ್ನನ್ನು ಹಿಂದೆ ಕೂರಿಸಿಕೊಂಡರು. ಸ್ಕೂಟರು ಒಮ್ಮೆ ನಿಟ್ಟುಸಿರಿಟ್ಟು, ಆಮೇಲೆ ಹೊರಟಿತು. ಮೇಲಿನಿಂದ ನಮ್ಮವರು ಬಗ್ಗಿ, ಓಣಿಗೆಲ್ಲ ಕೇಳುವ ಹಾಗೆ, "ಸಾವಕಾಶ! ಬಲಗಡೆ ಬಸ್ ಅದ! ಎಲ್ಲಿಗೆ ಹೊಂಟೀರಿ?" ಎಂದು ಕೂಗಿದರು.

"ಹೇಳೂದಿಲ್ಲ!" ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ. ಹಿಂದೆ ಕೂತವರು ಹೊರಳಿ ನೋಡಿದರೆ ಗಾಡಿ ವಾಲುತ್ತದೆಂದು ಶಾರದಕ್ಕ ತಾಕೀತು ಮಾಡಿದ್ದರಿಂದ, ಮುಂದೆ ನೋಡುತ್ತಲೇ ಕೈ ಬೀಸಿದೆ.